ಎರಡು ದೋಣಿಯ ಬಾವುಟ

ಗಲ್ಫಿನ ಈ ಸಿಲಿಕಾನ್ ಓಯಸಿಸ್ ಬಡಾವಣೆಯ ಹೊಸ ಫ್ಲ್ಯಾಟಿನಲ್ಲಿ ಮೊನ್ನೆ ಹಳೆಯ ಸೂಟ್‌ಕೇಸ್ ತೆರೆದೆ. ನುಸಿಗುಳಿಗೆಯ ವಾಸನೆಯ ಹಿಂದೆಯೇ ಒಂದು ಬಾವುಟ ಹೊರಬಂತು. ಯಾವ ದೇಶದ್ದೂ ಅಲ್ಲ, ಬಂಟ್ವಾಳ ತಾಲೂಕಿನದು. ನಗಬೇಡಿ. ಮೊದಲು ನಕ್ಕವಳು ನಾನೇ.

ಆಗ ಇದೇ ನಗರದ ಊದ್ ಮೇಥಾಕ್ಕೆ ಮೆಟ್ರೊ ಬಂದ ಹೊಸತು. ಅಲ್ಲಿನ ಶಾಲೆಯೊಂದರ ಮೈದಾನದಲ್ಲಿ ಕರಾವಳಿಯವರ ಕ್ರೀಡಾಕೂಟ. ತಾಲೂಕಿಗೊಂದು ತಂಡ, ತಂಡಕ್ಕೊಂದು ಬಾವುಟ. ನಮ್ಮ ತಂಡದ ಮುಖ್ಯಸ್ಥ ಜಗದೀಶಣ್ಣ, ಬಾವುಟದ ಅರ್ಥವನ್ನು ಮೈಕಿನಲ್ಲಿ ಹೇಳುವ ಕೆಲಸ ನನಗೆ ವಹಿಸಿದರು. ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ತಾನೇ! ಆ ಕಪ್‌ಗಳಿಂದ ನನಗೊಂದು ರೋಗವೂ ಅಂಟಿತ್ತು: ಯಾರು ಏನೇ ತೋರಿಸಲಿ, ಮೊದಲು ಅದರ ತೂತು ಕಾಣುತ್ತಿತ್ತು.

"ತಾಲೂಕು ಅಂದ್ರೆ ಕಂದಾಯ ಇಲಾಖೆ ಎಳೆದ ಗೆರೆ. ಗೆರೆಗೆ ಎಂತ ಬಾವುಟ?" ಎಂದೆ.

ಆದರೂ ಬಾವುಟ ಬಂತು. ಹೊಲಿದವರು ಪಾಣೆಮಂಗಳೂರಿನ ಹಮೀದಾಕ, ಅಂದರೆ ಹಮೀದಣ್ಣ. ಜೆಬೆಲ್ ಅಲಿಯಲ್ಲಿ ಕಂಪನಿ ಯೂನಿಫಾರ್ಮ್ ಹೊಲಿಯುವವರು. ತಮ್ಮ ರಜೆಯ ಶುಕ್ರವಾರಗಳನ್ನೆಲ್ಲ ಇದಕ್ಕೇ ಕೊಟ್ಟಿದ್ದರು. ಮೇಲೆ ಗದ್ದೆಯ ಹಸಿರು, ಕೆಳಗೆ ಹೆಂಚಿನ ಕೆಂಪು, ನಡುವೆ ನೇತ್ರಾವತಿಯ ನೀಲಿ, ಅದರಲ್ಲಿ ಕಂದು ಮೂಟೆ ಹೇರಿದ ದೋಣಿ. ದೋಣಿಯ ಮೂತಿ ಎಡಕ್ಕೆ.

ತೂತು ಸಿಕ್ಕಿತು!

"ನಕ್ಷೆಯಲ್ಲಿ ಎಡ ಅಂದ್ರೆ ಪಶ್ಚಿಮ. ದೋಣಿ ಸಮುದ್ರಕ್ಕೆ ಹೋಗ್ತಾ ಉಂಟು. ಇದು ಊರಿನ ಬಾವುಟವಾ, ಊರು ಬಿಟ್ಟವರದ್ದಾ? ನಾನಂತೂ ಮೈಕಿನಲ್ಲಿ ಇದನ್ನು ಹೊಗಳುದಿಲ್ಲ."

ಜಗದೀಶಣ್ಣನ ಮುಖ ಸಪ್ಪಗಾಯಿತು. "ಖಲಾಸ್! ಬಾವುಟ ಬೇಡ, ಬರೀ ಬೋರ್ಡು ಹಿಡ್ಕೊಂಡು ಹೋಗುವ. ಈ ಹುಡುಗಿಯೊಟ್ಟಿಗೆ ವಾದ ಮಾಡ್ಲಿಕ್ಕೆ ನನ್ನಿಂದಾಗುದಿಲ್ಲ ಮಾರ್ರೆ."

ಹಮೀದಾಕ ತುಟಿಯಲ್ಲಿ ಕಚ್ಚಿಕೊಂಡಿದ್ದ ಸೂಜಿ ತೆಗೆದರು. "ಅರ್ಧ ಓದಿಯೇ ತೀರ್ಪಾ ಮಗಳೇ? ತಿರುಗಿಸಿ ನೋಡು."

ತಿರುಗಿಸಿದೆ. ಹಿಂಬದಿಯಲ್ಲಿ ಇನ್ನೊಂದು ದೋಣಿ. ಮೂತಿ ಬಲಕ್ಕೆ, ಮೂಟೆಗಳು ಬಿಳಿ. ಒಂದರ ಬಣ್ಣ ಇನ್ನೊಂದಕ್ಕೆ ಹಾಯದಂತೆ ನಡುವೆ ಕಾಲರಿಗೆ ಹಾಕುವ ಕ್ಯಾನ್ವಾಸ್ ಇಟ್ಟಿದ್ದರು.

"ನನ್ನ ಅಪ್ಪ ದೋಣಿ ನಡೆಸ್ತಿದ್ದದ್ದು. ಮಂಗಳೂರಿಗೆ ಹೋಗುವಾಗ ಅಕ್ಕಿ, ಬರುವಾಗ ಉಪ್ಪು. ಬರೀ ಹೋದ್ರೆ ಊರಿನವ್ರು ಗಂಜಿಗೆ ಎಂತ ಹಾಕುದು?"

ನಾನು ಚೀಟಿ ತೆಗೆದು ಬರೆದುಕೊಂಡೆ: ಹೋಗುವಾಗ ಅಕ್ಕಿ, ಬರುವಾಗ ಉಪ್ಪು.

ಎದುರಾಳಿಯ ಪರವಾಗಿ ಮೈಕಿನ ಮುಂದೆ ನಿಂತದ್ದು ಅದೇ ಮೊದಲು. ಬಾವುಟ ಹಿಡಿದು ಮುಂದೆ ನಡೆದವರು ಹಮೀದಾಕನೇ. ಮೈದಾನದ ಕೊನೆಗೆ ಹೋಗಿ ಅವರು ತಿರುಗಿದ್ದೇ ತಡ, ಅಕ್ಕಿಯ ದೋಣಿ ಮರೆಯಾಗಿ ಉಪ್ಪಿನದು ನಮ್ಮತ್ತ ಬಂತು. ಬರೆದುಕೊಂಡದ್ದನ್ನೆಲ್ಲ ಬಿಟ್ಟು, "ನೋಡಿ, ಬರ್ತಾ ಉಂಟು!" ಎಂದು ಕಿರುಚಿದೆ. ತೀರ್ಪುಗಾರರು ಅಂಕ ಕೊಡುವಂಥ ವಾಕ್ಯವಲ್ಲ ಅದು. ಆದರೆ ನಮ್ಮ ತಾಲೂಕಿನವರೆಲ್ಲ ಎದ್ದು ನಿಂತಿದ್ದರು.

"ಅತ್ತೇ, ವಿಚ್ ಸೈಡ್ ಈಸ್ ದ ಫ್ರಂಟ್?" ಮೊನ್ನೆ ಬಟ್ಟೆಯನ್ನು ಹಿಂದೆಮುಂದೆ ತಿರುಗಿಸುತ್ತ ಅಣ್ಣನ ಮಗಳು ಕೇಳಿದಳು. ಇಬ್ಬರೂ ಸೇರಿ ಬಾವುಟವನ್ನು ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿದೆವು: ರಸ್ತೆಯವರಿಗೆ ಅಕ್ಕಿ, ಮನೆಯೊಳಗೆ ಉಪ್ಪು.