ಬಲಮಗ್ಗುಲಿಗೆ ಕಿಟಕಿಯಿಲ್ಲದ ಆಕಾಶನೌಕೆ

ಆಚಾರ್ರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಳಿಯೇಟಿಗೆ ಎಂದೋ ಹೋದದ್ದು ಮತ್ತೆ ಬೆಳೆದಿರಲಿಲ್ಲ. ಆ ಬೋಳು ಬೆರಳನ್ನು ನನ್ನ ಮುಖದತ್ತ ಚಾಚಿಯೇ ಮಾತಾಡುತ್ತಿದ್ದರು. ಮಾತೆಂದರೆ ಬಹುಪಾಲು ಬೈಗುಳ.

ನಾನು ಹುಣಸೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿದ್ದಾಗ ಅವರು ಗೋಡೆಯಾಚೆಯ ನೆರೆಯವರು. ಬಾಗಿಲು, ಕಿಟಕಿ ಮಾಡಿ ಬದುಕುತ್ತಿದ್ದ ಅವರನ್ನು ಎಲ್ಲರೂ ಆಚಾರ್ರು ಎನ್ನುತ್ತಿದ್ದರು. ಹರೆಯದಲ್ಲಿ ಮದ್ರಾಸಿನ ಸಿನಿಮಾ ಸ್ಟುಡಿಯೋದಲ್ಲಿದ್ದು, ಆಕಾಶಯಾನದ ಚಿತ್ರವೊಂದಕ್ಕೆ ಆರಡಿ ಉದ್ದದ ನೌಕೆಯ ಮಾದರಿ ಮಾಡಿದ್ದರಂತೆ. ಕೊನೆಯ ದೃಶ್ಯಕ್ಕೆ ಸಿನಿಮಾದವರು ಅದನ್ನು ಮದ್ದಿಟ್ಟು ಉಡಾಯಿಸಿಬಿಟ್ಟರು. ಅದನ್ನೇ, ಇದ್ದ ಹಾಗೇ, ಮತ್ತೆ ಕಟ್ಟುವುದರಲ್ಲಿ ಆಚಾರ್ರು ತೊಂಬತ್ತರ ದಶಕವನ್ನು ಕಳೆದರು. ಆಧಾರಕ್ಕಿದ್ದದ್ದು ನಾಲ್ಕು ಫೋಟೋ, ಒಂದು ಅಳತೆ ಪುಸ್ತಕ. ಮೂಲದ ನೌಕೆಯ ಬಾಲಕ್ಕೆ ಪೆನ್ನಿನ ಕ್ಯಾಪುಗಳನ್ನು ಅಂಟಿಸಿದ್ದರು. ಅಂಥವೇ ಹಳೆಯ ಕ್ಯಾಪು ಬೇಕೆಂದು ಪಿರಿಯಾಪಟ್ಟಣ, ಕೆ.ಆರ್. ನಗರದ ಅಂಗಡಿಗಳನ್ನೆಲ್ಲ ಜಾಲಾಡಿ, ಹೋದಲ್ಲೆಲ್ಲ ಜಗಳ ಕಟ್ಟಿಕೊಂಡು ಬಂದಿದ್ದರು.

ಯಾರಾದರೂ ಚೆನ್ನಾಗಿದೆ ಎಂದರೆ ಸಿಡುಕುತ್ತಿದ್ದರು. "ಚೆಂದ ಯಾರ್ ಕೇಳುದ್ರು? ಮೊದ್ಲಿದ್ದಂಗೇ ಅದಾ? ಅದೇಳಿ."

ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಆ ನೌಕೆ ಕೊಡಿ ಎಂದು ನಾಲ್ಕು ಸಲ ಕೇಳಿದ ಮೇಲೆ ಒಪ್ಪಿದರು. ತಾವೇ ತಂದು, ಬಲಮಗ್ಗುಲನ್ನು ಗೋಡೆಗಾನಿಸಿ ಇಟ್ಟುಹೋದರು. ಎಡಕ್ಕೆ ನೂರಾರು ಪುಟ್ಟ ಕಿಟಕಿಗಳು, ಬಲಕ್ಕೆ ಬರೀ ಪ್ಲೈವುಡ್ಡು. ಹೆಡ್‌ಮಾಸ್ಟರು ಅದನ್ನು ಸಭಾಂಗಣದ ನಡುವೆ ಇಡಿಸಿದರು. ಕೆಲಸ ಅರ್ಧಕ್ಕೇ ನಿಂತಿದೆಯೆಂದು ತಿಳಿದು ನಾನು ಬೆಳ್ಳಿ ಬಣ್ಣದಲ್ಲಿ ಆ ಕಡೆಗೂ ಕಿಟಕಿ ಬರೆದೆ.

ಮಾರನೆಯ ದಿನ ಆಚಾರ್ರು ಬಂದು ನೋಡಿದವರೇ ಕೂಗಿದರು. "ಯಾರ್ ಬಳ್ದಿದ್ದು ಇದ?"

"ನಾನೇ ಆಚಾರ್ರೇ. ಖಾಲಿ ಕಾಣ್ತಿತ್ತು, ಅದಕ್ಕೇ."

"ಖಾಲೀನೇ ಇತ್ತು ಕಣಮ್ಮ! ಕ್ಯಾಮರಾ ಆ ಕಡೀಕೆ ಬರ್ನೇ ಇಲ್ಲ, ಅದ್ಕೇ ನಾವೇನೂ ಮಾಡಿರ್ನಿಲ್ಲ. ಇಲ್ದೇ ಇರೋದ್ನ ಬರ್ದು ಐಕ್ಳಿಗೆ ಅದೇನ್ ವಿಜ್ಞಾನ ಯೋಳ್ಕೊಟ್ಟೀರಿ?"

ಮಕ್ಕಳೆಲ್ಲ ನೋಡುತ್ತಿದ್ದರು. ನನಗೂ ಮೈ ಉರಿಯಿತು. "ಒಂದು ಆಟದ ಸಾಮಾನಿಗೆ ಇಷ್ಟು ರಂಪ ಮಾಡಬೇಡಿ" ಎಂದೆ.

ಅವರು ಕೂಡಲೇ ಕೈಗಾಡಿ ತರಿಸಿ ನೌಕೆಯನ್ನು ಒಯ್ದರು. ವಾರವಿಡೀ ಗೋಡೆಯಾಚೆ ಉಜ್ಜುಕಾಗದದ ಸದ್ದು. ಬಣ್ಣ ಮರಕ್ಕೆ ಇಳಿದಿತ್ತು, ಹಲಗೆಯನ್ನೇ ಬದಲಿಸಬೇಕಾಯಿತಂತೆ. ಆಮೇಲೆ ನನ್ನ ಕಿಟಕಿಗೆ ಅಡ್ಡಲಾಗಿ ಮರ ಪೇರಿಸಿದರು. ಮರದ ಪುಡಿ ಮನೆಗೆ ಬರುತ್ತದೆಂದು ನಾನು ಪುರಸಭೆಗೆ ದೂರು ಕೊಟ್ಟೆ. ಆರು ವರ್ಷ ಹೀಗೇ ನಡೆಯಿತು.

ಆದರೆ ಜಗಳದ ಮೊದಲ ವರ್ಷವೇ ಒಂದು ಸಂಗತಿ ನಡೆಯಿತು. ಲೋಲಕದ ಪ್ರಯೋಗದಲ್ಲಿ ಉತ್ತರ ಸರಿಹೋಗದಿದ್ದರೆ ಅಂಕಿಗಳನ್ನು ತಿದ್ದಿಸುವುದು ನನ್ನ ರೂಢಿಯಾಗಿತ್ತು. ಅಂದು ಹುಡುಗಿಯೊಬ್ಬಳ ಪುಸ್ತಕದ ಮೇಲೆ ಪೆನ್ನಿಟ್ಟವಳಿಗೆ ಆಚಾರ್ರ ಬೈಗುಳ ನೆನಪಾಯಿತು. "ಬಂದಷ್ಟೇ ಬರಿಯಮ್ಮ" ಎಂದೆ. ಅಂದಿನಿಂದ ನಿವೃತ್ತಿಯವರೆಗೂ ಯಾರ ಅಂಕಿಯನ್ನೂ ತಿದ್ದಿಸಲಿಲ್ಲ. ಇದನ್ನು ಗೋಡೆಯಾಚೆಗೆ ಹೋಗಿ ಹೇಳುವಷ್ಟು ದೊಡ್ಡತನ ಮಾತ್ರ ನನಗೆ ಬರಲಿಲ್ಲ.

ಆಚಾರ್ರು ತೀರಿಕೊಂಡು ತಿಂಗಳಾದ ಮೇಲೆ ಅವರ ಹೆಂಡತಿ ನನ್ನನ್ನು ಕರೆದು ನೌಕೆ ತೋರಿಸಿದರು. ಮನೆ ಖಾಲಿ ಮಾಡಿ ಭೇರ್ಯದ ತಮ್ಮನ ಮನೆಗೆ ಹೊರಟಿದ್ದರು.

"ಯಾರ್ಗಾರ ಕೊಡು, ಆ ಟೀಚರಮ್ಮಂಗ್ ಮಾತ್ರ ಕೊಡ್ಬ್ಯಾಡ ಅಂದಿದ್ರು. ಈಗ ಅವ್ರೇ ಇಲ್ಲ. ನೀವೇ ಇಸ್ಕೂಲ್ಗೆ ತಕೊಂಡೋಗಿ."

ಆಸೆಯಾಯಿತು.

"ಬೇಡಮ್ಮ, ಕೊಡಬೇಡ ಅಂದಿದ್ದಾರಲ್ಲ" ಎಂದು ಹೇಳಿ, ಅದನ್ನು ಭೇರ್ಯದ ಗಾಡಿಗೆ ಏರಿಸಲು ಕೈ ಜೋಡಿಸಿದೆ.