ಸದ್ದಿಲ್ಲದ ಬಸ್ಸು, ಹಾಡುವ ಡ್ರೈವರು

ಬಸ್ಸು ಸ್ಟಾರ್ಟ್ ಆಗಿಲ್ಲವೆಂದುಕೊಂಡು ಗೇರಣ್ಣ ಪೆಡಲನ್ನು ಇನ್ನಷ್ಟು ಒತ್ತಿದ. ಬಸ್ಸು ಆಗಲೇ ಸ್ಟಾರ್ಟ್ ಆಗಿತ್ತು. ಆಗಷ್ಟೇ ರಿಬ್ಬನ್ ಕತ್ತರಿಸಿ ಹತ್ತಿ ಕೂತಿದ್ದ ರಾಷ್ಟ್ರೀಯ ಉದ್ಯಾನದ ನಿರ್ದೇಶಕರನ್ನೂ ಅವರ ಅತಿಥಿಗಳನ್ನೂ ಹೊತ್ತ ಆ ಹೊಚ್ಚಹೊಸ ಎಲೆಕ್ಟ್ರಿಕ್ ಬಸ್ಸು ಬೆಕ್ಕಿನಂತೆ ಜಿಗಿದು, ಹೂವಿನ ಪಾತಿ ಹತ್ತಿ, ‘ಮೌನ ಕಾಪಾಡಿ’ ಎಂಬ ಫಲಕವನ್ನು ಅಡ್ಡ ಮಲಗಿಸಿ ನಿಂತಿತು. ಫಲಕದ ಮಾತಿಗೆ ಬೆಲೆ ಕೊಟ್ಟದ್ದು ಬಸ್ಸೊಂದೇ. ಒಳಗಿದ್ದವರೆಲ್ಲ ಕಿರುಚಿದರು.

“ಸದ್ದೇ ಬರ್ಲಿಲ್ಲ ಸಾರ್, ಆಫ್ ಆಗಿದೆ ಅಂದ್ಕೊಂಡೆ.”

“ಸದ್ದು ಬರಬಾರ್ದು ಅಂತಾನೇ ತಂದಿರೋದು ಕಣಯ್ಯಾ!” ಎಂದರು ನಿರ್ದೇಶಕರು, ಕೈಯಲ್ಲಿನ್ನೂ ಕತ್ತರಿ ಹಿಡಿದುಕೊಂಡೇ. “ಇನ್ನೊಂದು ದೂರು ಬರ್ಲಿ, ನಿನ್ನ ಪಾರ್ಕಿಂಗಿಗೆ ಹಾಕ್ತೀನಿ. ಸೀಟಿ ಊದ್ಕೊಂಡಿರು.”

ಕಾಡಿನಲ್ಲಿದ್ದವನು ಕಾರುಗಳ ನಡುವೆ! ಗೇರಣ್ಣನ ಮುಖ ಬಾಡಿತು. ಹಳೆಯ ಡೀಸೆಲ್ ವ್ಯಾನಿನ ಗೇರನ್ನು ಅವನು ಬಾವಿಯಿಂದ ನೀರು ಸೇದುವವನಂತೆ ಎಳೆಯುತ್ತಿದ್ದುದರಿಂದ ಬಂದ ಹೆಸರದು. ಹೆತ್ತವರಿಟ್ಟ ಹೆಸರು ಈಗ ಸಂಬಳದ ಚೀಟಿಗೆ ಮಾತ್ರ. ಆ ವ್ಯಾನು ಕೆಮ್ಮುತ್ತ, ಸೀನುತ್ತ, ಹೊಗೆ ಕಾರುತ್ತ ಬೆಟ್ಟ ಹತ್ತುವಾಗ ಗೇಟಿನ ಬಳಿ ಟಿಕೆಟ್ ಕಿಟಕಿಯಲ್ಲಿ ಕೂರುವ ಅವನ ಹೆಂಡತಿಗೆ ಗಂಡ ಯಾವ ತಿರುವಿನಲ್ಲಿದ್ದಾನೆಂದು ಕೂತಲ್ಲೇ ತಿಳಿಯುತ್ತಿತ್ತು. “ಈಗ ಹಿಂದೆ ಬಂದು ನಿಂತ್ರೂ ಗೊತ್ತಾಗಲ್ಲ, ಕಳ್ಳನ ಹಾಗೆ,” ಎಂದು ಅವಳ ದೂರು.

ಉದ್ಯಾನಕ್ಕೆ ಹೊಸ ಕಾಲ ಬಂದಿತ್ತು. ಗಾಜಿನ ಗೋಡೆಯ ಮಾಹಿತಿ ಕೇಂದ್ರ, ಕೆರೆಯಂಚಿಗೆ ವೀಕ್ಷಣಾ ಕಟ್ಟೆ, ನುಣ್ಣನೆಯ ರಸ್ತೆ, ಅದರ ಮೇಲೆ ಡೀಸೆಲ್ ವ್ಯಾನುಗಳ ಬದಲು ಇಂಥವೇ ನಾಲ್ಕಾರು ಬಸ್ಸು. ಹೊಗೆ ನಿಂತಿದ್ದು ನಿಜ. ರಸ್ತೆಯಂಚಿನ ಎಲೆಗಳಿಗೆ ಮತ್ತೆ ಹಸಿರು ಬಂದಿದ್ದೂ ನಿಜ. ಆದರೆ ಹೊಗೆಯಿಲ್ಲವೆಂದು ಕೇಳಿಯೇ ಮೊದಲಿಗಿಂತ ಹೆಚ್ಚು ಜನ ಬರತೊಡಗಿದ್ದರು. ಖಾಲಿ ಬಸ್ಸಿನಲ್ಲಿ ಸ್ಟಿಯರಿಂಗಿನ ಮುಂದೆ ಕೂತು ಗೇರಣ್ಣ ಒಮ್ಮೊಮ್ಮೆ ಯೋಚಿಸುವುದಿತ್ತು: ಕಾಡು ಉಳಿಯಲು ಕಾಸು ಬೇಕು, ಕಾಸಿಗೆ ಜನ ಬೇಕು, ಜನಕ್ಕೆ ಕರಡಿ ಬೇಕು. ಕರಡಿಗೆ ಮಾತ್ರ ಇವರು ಯಾರೂ ಬೇಡ. ಅದನ್ನು ಯಾರೂ ಕೇಳಿದಂತಿಲ್ಲ. ಕೇಳಿದ್ದರೆ ಮೊದಲು ತನ್ನ ಕೆಲಸವೇ ಹೋಗುತ್ತಿತ್ತು ಎನ್ನಿಸಿ, ಯೋಚನೆಯನ್ನು ಅಲ್ಲಿಗೇ ಬ್ರೇಕ್ ಹಾಕಿ ನಿಲ್ಲಿಸುತ್ತಿದ್ದ.

ಹೂವಿನ ಪಾತಿಯ ಪ್ರಕರಣದ ನಂತರ ಅವನು ಹಾಡತೊಡಗಿದ. ಬಸ್ಸು ಗೇಟು ದಾಟಿ ಮರಗಳ ನೆರಳಿಗೆ ಹೊಕ್ಕರೆ ಸಾಕು, ಅರ್ಧ ನೆನಪಿದ್ದ ಹಾಡುಗಳಿಗೆ ಇನ್ನರ್ಧ ತಾನೇ ಹೊಸೆದು, ಗಂಟಲು ಬಿಟ್ಟು ಹಾಡುತ್ತಿದ್ದ. ಶ್ರುತಿ ಒಂದು ದಾರಿ, ತಾಳ ಇನ್ನೊಂದು ದಾರಿ, ಬಸ್ಸು ಮಾತ್ರ ಸರಿಯಾದ ದಾರಿ.

ದೂರು ಬರಲು ತಡವಾಗಲಿಲ್ಲ. “ಹಕ್ಕಿಗಳ ದನಿ ಕೇಳೋಕೆ ಬಂದಿದ್ವಿ. ಡ್ರೈವರ್ ದನಿ ಕೇಳಿಸಿ ಕಳಿಸಿದ್ರು,” ಎಂದು ಪ್ರವಾಸಿ ದಂಪತಿ ನಿರ್ದೇಶಕರ ಕೋಣೆಗೇ ಹೋಗಿ ಹೇಳಿದರು. ನಿರ್ದೇಶಕರು ಗೇರಣ್ಣನನ್ನು ಕರೆಸಿ, ಮೇಜಿನ ಖಾನೆಯಿಂದ ಸೀಟಿ ತೆಗೆದೂ ಇಟ್ಟರು.

ಅಷ್ಟರಲ್ಲಿ ಒಳಗೆ ಬಂದಿದ್ದು ಜಿಂಕೆಗಳ ಮೇಲೆ ಅಧ್ಯಯನ ನಡೆಸುತ್ತಿದ್ದ ಸಂಶೋಧಕಿ. “ಸಾರ್, ಇವರನ್ನ ತೆಗೀಬೇಡಿ. ಬೇರೆ ಬಸ್ಸುಗಳು ಸದ್ದಿಲ್ದೆ ತಿರುವಲ್ಲಿ ಎದುರಾದ್ರೆ ಜಿಂಕೆಗಳು ಗಾಬರಿಯಾಗಿ ಬೇಲಿಗೆ ನುಗ್ತಿವೆ. ಇವರ ಬಸ್ಸಿಗೆ ತಲೆ ಎತ್ತಿ ನೋಡಿ, ಪಕ್ಕಕ್ಕೆ ಸರಿದು, ಮತ್ತೆ ಮೇಯ್ತವೆ. ಹಾಡು ಕೇಳಿ ಮೊದಲೇ ಗೊತ್ತಾಗುತ್ತಲ್ಲ, ಬರ್ತಿದಾರೆ ಅಂತ.”

ಸೀಟಿ ಖಾನೆಗೆ ಮರಳಿತು. ಮರುದಿನಕ್ಕೇ ಡ್ರೈವರುಗಳ, ಪ್ರವಾಸ ಏಜೆಂಟರ ಸಭೆ ಕರೆಯಲಾಯಿತು.

ಆ ಸಂಜೆ ಹೆಂಡತಿ ತಟ್ಟೆ ಮುಂದಿಡುತ್ತ ಪಾಠ ಹೇಳಿದಳು. “ರೀ, ನಾಳೆ ಸಾಹೇಬ್ರು ಏನು ಕೇಳಿದ್ರೂ ‘ಹೌದು ಸಾರ್’ ಅಂದ್ಬಿಡಿ. ಹೆಚ್ಚಿಗೆ ಒದರಬೇಡಿ.”

“ಅದು ಸುಳ್ಳಾದ್ರೆ?”

“ದೊಡ್ಡವರಿಗೆ ಹೌದು ಅನ್ನೋದು ಸುಳ್ಳಲ್ಲ ರೀ, ಮರ್ಯಾದೆ. ಪಾರ್ಕಿಂಗಲ್ಲಿ ಬಿಸಿಲು ಹೇಗಿರುತ್ತೆ ಗೊತ್ತಲ್ಲ?”

ಗೇರಣ್ಣ ತುತ್ತನ್ನು ಬಹಳ ಹೊತ್ತು ಅಗಿದ.

ಸಭೆಯಲ್ಲಿ ಏಜೆಂಟರೊಬ್ಬರು ತಗಾದೆ ಎತ್ತಿದರು. “ಜನ ನೆಮ್ಮದಿ ಹುಡುಕ್ಕೊಂಡು ಬರ್ತಾರೆ ಸಾರ್. ಅವರಿಗೆ ಈ ಗಲಾಟೆ ಯಾಕೆ?”

“ನೆಮ್ಮದಿ ಜಿಂಕೆಗೂ ಬೇಕಲ್ರೀ,” ಎಂದರು ನಿರ್ದೇಶಕರು. ಅದು ಅವರಿಗೆ ಹಿಂದಿನ ದಿನವಷ್ಟೇ ತಿಳಿದದ್ದಾದರೂ ಹೇಳಿದ ಠೀವಿ ನೋಡಿದರೆ ಬಾಲ್ಯದಿಂದ ಬಲ್ಲವರಂತಿತ್ತು. ತಿರುವುಗಳಿಗೆ ಮುಂಚೆ ಎಲ್ಲ ಬಸ್ಸುಗಳೂ ಮೆಲ್ಲಗೆ ಸದ್ದು ಮಾಡಬೇಕು, ಹೊಸ ಡ್ರೈವರುಗಳಿಗೆ ಗೇರಣ್ಣನೇ ತರಬೇತಿ ಕೊಡಬೇಕು ಎಂದು ತೀರ್ಮಾನವಾಯಿತು. ನಿರ್ದೇಶಕರು ಅವನತ್ತ ತಿರುಗಿದರು. ‘ನೀನು’ ಹೋಗಿ ‘ನೀವು’ ಬಂದಿತ್ತು.

“ಹೇಳಿ ಗೇರಣ್ಣ, ಪ್ರಾಣಿಗಳು ಬೆದರಬಾರ್ದು ಅಂತ ಹಾಡೋ ಉಪಾಯ ನಿಮಗೆ ಹೊಳೆದದ್ದಾದ್ರೂ ಹೇಗೆ?”

ಎಲ್ಲರೂ ಅವನನ್ನೇ ನೋಡಿದರು. ಟಿಕೆಟ್ ಕಿಟಕಿ ಬಿಟ್ಟು ಬಂದು ಬಾಗಿಲ ಬಳಿ ನಿಂತಿದ್ದ ಹೆಂಡತಿ ಗಂಡನ ಪರವಾಗಿ ಆಗಲೇ ‘ಹೌದು’ ಎಂದು ತಲೆಯಾಡಿಸುತ್ತಿದ್ದಳು. ಗೇರಣ್ಣ ಎದ್ದುನಿಂತ. ಅವಳತ್ತ ಒಮ್ಮೆ ನೋಡಿದ. ಇನ್ನು ತನ್ನಿಂದ ಕಲಿಯಬೇಕಾದ, ಮುಂದಿನ ಸಾಲಿನಲ್ಲಿ ಕೂತಿದ್ದ ಹೊಸ ಡ್ರೈವರುಗಳತ್ತ ಇನ್ನೊಮ್ಮೆ ನೋಡಿದ.

“ಪ್ರಾಣಿಗಳ ಯೋಚ್ನೆ ಬಂದಿರ್ಲಿಲ್ಲ ಸಾರ್,” ಎಂದ. “ಇಂಜಿನ್ ಸದ್ದಿಲ್ದೆ ಇದ್ರೆ ನಂಗೆ ತೂಕಡಿಕೆ. ಬಾಯಿ ಮುಚ್ಚಿದ್ರೆ ಕಣ್ಣೂ ಮುಚ್ಕೊಳ್ಳುತ್ತೆ.”