ಮೇಷ್ಟ್ರ ಫ್ರೆಂಚ್ ಡಿಫೆನ್ಸ್

ಗೊತ್ತಿಲ್ಲದೆ ಮಾಡಿದ ಕೆಲಸಕ್ಕೆ ಯಾರಾದರೂ ದೊಡ್ಡ ಹೆಸರಿಟ್ಟರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಉಪ್ಪು ಮರೆತ ಸಾರನ್ನು ಪಂಡಿತರು ‘ಪಥ್ಯ’ ಎಂದು ಹೊಗಳಿದ ದಿನ ನನ್ನ ಹೆಂಡತಿ ಹೀಗೇ ಬೀಗಿದ್ದಳು. ನನಗೆ ಆ ಭಾಗ್ಯ ಒದಗಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಚನ್ನಗಿರಿಯ ಚದುರಂಗ ಪಂದ್ಯದಲ್ಲಿ.

ಆಗ ನಾನು ಹೊನ್ನಾಳಿಯಲ್ಲಿ ಮೇಷ್ಟ್ರು. ಜಗಳೂರಿನ ನನ್ನ ಮಾವ ಉಣ್ಣೆ ವ್ಯಾಪಾರಿ. ಕೂತು ಆಡುವ ಆಟವೆಂದರೆ ಅವರಿಗೆ ಮೈಯುರಿ. ಪಂದ್ಯ ನೋಡಲು ನನ್ನ ಜೊತೆ ಬಸ್ಸು ಹತ್ತುವಾಗಲೇ ಕರಾರು ಹಾಕಿದ್ದರು: “ನೋಡ್ರಿ ಅಳಿಯಂದ್ರೆ, ಗೆದ್ರೆ ಆಡ್ಕೊಳ್ರಿ. ಸೋತ್ರೆ ಮನ್ಯಾಗಿರೋ ಆ ಮಣೆ, ಕಾಯಿ ಎಲ್ಲಾ ನೀರೊಲೆಗೆ.” ನನ್ನ ಅಜ್ಜ ಮಾಡಿಸಿದ ಹಲಸಿನ ಮಣೆ ಅದು.

ಪಂದ್ಯ ನಡೆಯುವುದು ಇಂಗ್ಲಿಷ್ ಕಾಯಿದೆಯಂತೆ. ನಮ್ಮ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸರಿಯುತ್ತಾನೆ. ಅವರದರಲ್ಲಿ ಎರಡು ಮನೆ ಹೋಗಬಹುದು. ನಮ್ಮ ರಾಜ ಆಟಕ್ಕೊಮ್ಮೆ ಕುದುರೆಯಂತೆ ಹಾರಬಹುದು. ಅವರ ರಾಜನಿಗೆ ಆ ಸೌಕರ್ಯವಿಲ್ಲ. ಇದನ್ನೆಲ್ಲ ಮೊದಲೇ ಓದಿ ಹೇಳಿದ್ದರು. ಕಿವಿ ಕೇಳಿಸಿಕೊಂಡಿತ್ತು, ಕೈ ಕೇಳಿಸಿಕೊಂಡಿರಲಿಲ್ಲ.

ಎದುರಾಳಿ ನ್ಯಾಮತಿಯ ವಕೀಲರು, ಮುಂಬಯಿಯಿಂದ ಪುಸ್ತಕ ತರಿಸಿ ಓದಿದವರು. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಸರಿಸಿದರು. ನಾನು ರೂಢಿಯಂತೆ ನನ್ನವನನ್ನು ಒಂದೇ ಮನೆ ಸರಿಸಿದೆ. ವಕೀಲರು ಕನ್ನಡಕ ಸರಿಮಾಡಿಕೊಂಡರು.

“ಓಹೋ, ಫ್ರೆಂಚ್ ಡಿಫೆನ್ಸ್! ಮೇಷ್ಟ್ರು ಭಾಳ ಓದ್ಕೊಂಡು ಬಂದೀರಿ.”

ನನ್ನ ಆ ನಡೆಗೆ ಪುಸ್ತಕದಲ್ಲಿ ಅದೇ ಹೆಸರಂತೆ. ಯುದ್ಧದಲ್ಲಿ ಕೆಲವೇ ವಾರಗಳಲ್ಲಿ ಶರಣಾದ ಫ್ರಾನ್ಸಿನ ರಕ್ಷಣೆ ಎಷ್ಟು ಗಟ್ಟಿ ಎಂಬುದು ಪತ್ರಿಕೆ ಓದುವವರಿಗೆಲ್ಲ ಅಷ್ಟರಲ್ಲೇ ತಿಳಿದಿತ್ತು. ಆದರೂ ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಗಂಭೀರವಾಗಿ ನಶ್ಯ ಏರಿಸಿದೆ. ಹಿಂದೆ ಕೂತಿದ್ದ ಮಾವ, “ನಮ್ಮ ಅಳಿಯಂಗೆ ಫ್ರೆಂಚೂ ಬರ್ತೈತೆ” ಎಂದು ಪಕ್ಕದವರಿಗೆ ಹೇಳುತ್ತಿದ್ದರು. ವಕೀಲರು ನನ್ನ ಪ್ರತಿ ನಡೆಯಲ್ಲೂ ಪುಸ್ತಕ ಹುಡುಕಿ ಹುಡುಕಿ ಬೆವರಿದರು, ತಪ್ಪಿದರು. ಇನ್ನೇನು ಗೆದ್ದೆ ಎನ್ನುವಾಗ, ಯಾವುದಕ್ಕೂ ಇರಲಿ ಎಂದು ನನ್ನ ರಾಜನನ್ನು ಎತ್ತಿ ಕುದುರೆಯಂತೆ ಹಾರಿಸಿಬಿಟ್ಟೆ.

“ಇದ್ಯಾವ ಡಿಫೆನ್ಸ್‌ರೀ?” ಎಂದರು ವಕೀಲರು.

ತೀರ್ಪುಗಾರರು ಕಾಯಿದೆ ತೋರಿಸಿದರು: ರಾಜ ಹಾರುವಂತಿಲ್ಲ, ಆದರೆ ಮುಟ್ಟಿದ ಮೇಲೆ ಅವನನ್ನೇ ನಡೆಸಬೇಕು. ಅವನಿಗೆ ಉಳಿದಿದ್ದುದು ಒಂದೇ ಮನೆ. ಅಲ್ಲಿಗೆ ಕಾಲಿಟ್ಟ, ಮರುನಡೆಗೇ ಸಿಕ್ಕಿಬಿದ್ದ. ನಾನು ಸೋತೆ.

ಮನೆಗೆ ಬಂದವರೇ ಮಾವ, “ಮಣೆ ತಗಂಬರ್ರಿ” ಎಂದರು. ತಂದುಕೊಟ್ಟೆ. ಮಾವ ನೀರೊಲೆಯ ಕಡೆ ಹೋಗಲಿಲ್ಲ. ಜಗಲಿಯಲ್ಲಿ ಮಣೆ ಇಟ್ಟು ಚಕ್ಕಳಮಕ್ಕಳ ಹಾಕಿ ಕೂತರು.

“ಆಪತ್ತಿನಾಗೆ ಒಂದ್ಸಲ ಹಾರಾಕೂ ಬಿಡದಿದ್ರೆ ಅವನೆಂಥ ರಾಜ? ನಮ್ಮ ಕಾಯಿದೆ ಪ್ರಕಾರ ನೀವೇ ಗೆದ್ದಂಗೆ. ಹೆಂಗೆ ಆಡೋದು, ನಂಗೂ ಹೇಳಿಕೊಡ್ರಿ.”

ಹೇಳಿಕೊಟ್ಟೆ. ಅಂದಿನಿಂದ ಹೊನ್ನಾಳಿಗೆ ಬಂದಾಗಲೆಲ್ಲ ಮಾವ ಆಡುತ್ತಾರೆ. ಅವರ ರಾಜ ಒಂದೇ ಆಟದಲ್ಲಿ ಬೇಕೆಂದಾಗಲೆಲ್ಲ ಹಾರುತ್ತಾನೆ. ಪ್ರತಿ ಸಲವೂ ಅವರಿಗೆ ಅದೇ ಮೊದಲ ಸಲ. ನಾನು ತುಟಿಪಿಟಕ್ಕೆನ್ನದೆ ಸೋಲುತ್ತೇನೆ. ಮಣೆ ಒಲೆಯಿಂದ ದೂರ ಸುಖವಾಗಿದೆ. ಈ ಡಿಫೆನ್ಸಿಗೆ ಪುಸ್ತಕದಲ್ಲಿ ಏನು ಹೆಸರೋ, ವಕೀಲರನ್ನೇ ಕೇಳಬೇಕು.